ಸೋಮವಾರ ಏಳದ ಯಂತ್ರಗಳು

ಬಸವಕಲ್ಯಾಣ
೧೪ ಜೂನ್ ೨೦೦೬

ವಿಶಾಖಾ ಅವರಿಗೆ, ಶರಣು.

ಕಂಡಕ್ಟರ್ ಯುನೂಸ್ ಕೈಯಲ್ಲಿ ಈ ಪತ್ರದ ಜೊತೆ ಫ್ಲಾಪಿಗಳನ್ನು ಕಳಿಸಿದ್ದೇನೆ. ಮಧ್ಯಾಹ್ನದ ಬಸ್ಸು ಹುಮನಾಬಾದ ಸ್ಟ್ಯಾಂಡಿಗೆ ಬಂದ ಕೂಡಲೇ ಹೋಗಿ ಇಸಿದುಕೊಳ್ಳಿ. ಇಲ್ಲದಿದ್ದರೆ ಅವನು ಟಿಕೇಟಿನ ಚೀಲದಲ್ಲಿಟ್ಟುಕೊಂಡು ಬೀದರಿನವರೆಗೂ ತಿರುಗಾಡಿಸಿ ತರುತ್ತಾನೆ. ಯಂತ್ರ ಓಡುತ್ತಿದೆಯೇ ಎಂದು ಫೋನಿನಲ್ಲಿ ಕೇಳಿದರೆ ನೀವು ‘ನಡೀವಲ್ದು’ ಎಂದಷ್ಟೇ ಹೇಳಿ ಇಟ್ಟುಬಿಡುತ್ತೀರಿ. ಬೀದರಿನಲ್ಲಿ ಡಿಪ್ಲೊಮಾ ಓದುವಾಗಲೂ ನಿಮ್ಮದು ಅದೇ ಚಾಳಿ. ಅದಕ್ಕೇ ಬರೆದು ತಿಳಿಸಿ.

ನಿನ್ನೆಯಿಂದ ನನ್ನ ತಲೆ ಕೆಟ್ಟಿದೆ. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವಿತರಣೆ, ನಾನು ಅಂಗಡಿಯ ರಿಪೇರಿ ಕೆಲಸದ ನಡುವೆ ಪುಕ್ಕಟೆ ದುಡಿಯುವುದು ಇದೆಯಲ್ಲ, ಅದರ ದೊಡ್ಡವರು ಮುಂದಿನ ಆವೃತ್ತಿಯಲ್ಲಿ ಹಳೆಯ ಕಂಪ್ಯೂಟರುಗಳನ್ನು ಕೈಬಿಡೋಣ ಎಂದು ಮಾತಾಡಿಕೊಂಡಿದ್ದಾರೆ. ಒಬ್ಬ ಬರೆದಿದ್ದಾನೆ: ‘ಅಂಥ ಕಸಕ್ಕೆ ನಾವು ಕೈ ಹೊಲಸು ಮಾಡಿಕೊಳ್ಳುವುದು ಏಕೆ?’ ಓದಿ ಹೇಸಿಗೆಯಾಯಿತು. ಕಣ್ಣಿಂದ ನೋಡಿಲ್ಲ, ಕೈಯಿಂದ ಮುಟ್ಟಿಲ್ಲ, ಕಸ ಅಂದುಬಿಟ್ಟ. ಇಂಥವರ ಜೊತೆ ಕೆಲಸ ಮಾಡಬೇಕಲ್ಲ ಎಂದು ನನ್ನ ಮೇಲೇ ಬೇಜಾರು.

ಕಾರ್ಖಾನೆ ಎಸೆದ ಆ ಆರು ಕಂಪ್ಯೂಟರುಗಳನ್ನು ತಂದು ನಮ್ಮ ಸುಂದರಬಾಯಿ ಅತ್ತೆಯ ಮಹಿಳಾ ಮಂಡಳದ ಹಾಲ್‌ನಲ್ಲಿ ಕೂಡಿಸಿದವನು ನಾನು. ಅವುಗಳ ಮೇಲೆ ಕನ್ನಡ ಓಡುವುದು ಇದೊಂದು ಲಿನಕ್ಸಿನಲ್ಲಿ ಮಾತ್ರ. ಇದು ಕೈಬಿಟ್ಟರೆ ನೀವು ಅಲ್ಲಿ ನಡೆಸುವ ಕಂಪ್ಯೂಟರ್ ಕ್ಲಾಸು ಮುಗಿಯಿತು.

ಸಮಸ್ಯೆ ಇರುವುದು ಬೂಟ್‌ಲೋಡರಿನಲ್ಲಿ. ಗುಂಡಿ ಒತ್ತಿದ ಕೂಡಲೇ ಮೊದಲು ಎದ್ದು, ಉಳಿದ ಲಿನಕ್ಸ್ ಡಿಸ್ಕಿನ ಯಾವ ಜಾಗದಲ್ಲಿದೆ ಎಂದು ಹುಡುಕಿ ಎಬ್ಬಿಸುವ ಸಣ್ಣ ಪ್ರೋಗ್ರಾಂ ಅದು. ಹೊಸದಕ್ಕೆ ತಾಳ್ಮೆ ಇಲ್ಲ, ಹಳೆಯ ಡಿಸ್ಕು ಉತ್ತರ ಕೊಡುವ ತನಕ ಕಾಯುವುದಿಲ್ಲ. ನಾನು ಅದರ ಪ್ಯಾಕೇಜನ್ನು ತಿದ್ದಿ, ಕಾಯುವ ಹಾಗೆ ಮಾಡಿ ಈ ಫ್ಲಾಪಿಗಳಲ್ಲಿ ಹಾಕಿದ್ದೇನೆ. ಆರಕ್ಕೂ ಹಾಕಿ, ಎದ್ದವೋ ಇಲ್ಲವೋ ಬರೆಯಿರಿ. ನಿಜವಾದ ಹಳೆಯ ಯಂತ್ರಗಳ ಮೇಲಿನ ವರದಿ ಆಗಸ್ಟಿನೊಳಗೆ ಹೋಗಬೇಕು.

ಒಂದು ಮಾತು ಮರೆಯಬೇಡಿ. ಪ್ಯಾಕೇಜ್ ಹಾಕಿದ ಮೇಲೆ ‘ಲಿಲೋ’ ಕಮಾಂಡ್ ಕೊಟ್ಟು ಎಂಟರ್ ಒತ್ತಲೇಬೇಕು. ಇಲ್ಲದಿದ್ದರೆ ಅದು ಹಳೆಯ ಜಾಗದಲ್ಲೇ ತಡಕಾಡಿ, ಪರದೆಯ ಮೇಲೆ ಎಲ್ ಐ ಎಂಬ ಎರಡಕ್ಷರ ತೋರಿಸಿ ನಿಂತುಬಿಡುತ್ತದೆ.

ಗುರುಶಾಂತ


ಹುಮನಾಬಾದ
೨೦ ಜೂನ್ ೨೦೦೬

ಗುರುಶಾಂತ ಅವರಿಗೆ, ನಮಸ್ಕಾರ.

ನಿಮಗೆ ನಿಮ್ಮ ದೊಡ್ಡವರ ಮೇಲೆ ಹೇಸಿಗೆ, ನನಗೆ ಈ ಹಾಲ್ ಮೇಲೆ. ಕಿಟಕಿಯ ಮೂಲೆಯಲ್ಲಿ ಯಾರೋ ಗುಟ್ಕಾ ಉಗುಳಿದ್ದಾರೆ, ಖುರ್ಚಿಯ ಕೆಳಗೆ ಇಲಿಯ ಹಿಕ್ಕೆ. ಯಂತ್ರಗಳ ಮುಚ್ಚಳಗಳನ್ನು ಕಾರ್ಖಾನೆಯವರು ಮೊದಲೇ ಗುಜರಿಗೆ ಹಾಕಿದ್ದರಿಂದ ಎಲ್ಲ ಹೊಲಸೂ ನೇರ ಹೊಟ್ಟೆಯೊಳಗೆ. ಬೆಳಗಾದರೆ ಮೊದಲು ಕಸಬರಿಗೆ, ಆಮೇಲೆ ಕೀಬೋರ್ಡು.

ಶನಿವಾರ ಆರಕ್ಕೂ ನಿಮ್ಮ ಪ್ಯಾಕೇಜ್ ಹಾಕಿದೆ, ಕಮಾಂಡ್ ಮರೆಯಲಿಲ್ಲ. ಆರೂ ಎದ್ದವು. ಸೋಮವಾರ ನಾಲ್ಕು ಎದ್ದವು. ಮೂಲೆಯಲ್ಲಿರುವ ಐದು ಮತ್ತು ಆರು ಏಳಲಿಲ್ಲ. ನೀವು ಹೇಳಿದ ಎರಡಕ್ಷರ ಬರಲಿಲ್ಲ. ಎಲ್ ಒಂದೇ ಬಂದು, ಅದರ ಮುಂದೆ ಎಂಬತ್ತು, ಎಂಬತ್ತು, ಎಂಬತ್ತು ಎಂದು ಪರದೆ ತುಂಬ. ಇವತ್ತು ಮಂಗಳವಾರ ಎರಡೂ ಏನೂ ಆಗದವರ ಹಾಗೆ ಎದ್ದು ಕೂತಿವೆ.

ರವಿವಾರದ ಬಗ್ಗೆ ಬರೆಯಲು ಏನೂ ಇಲ್ಲ. ಮಂಡಳದ ಫಲಕದ ಮೇಲೆ ರವಿವಾರ ರಜೆ ಎಂದಿದೆ.

ವಿಶಾಖಾ


ಬಸವಕಲ್ಯಾಣ
೨೪ ಜೂನ್ ೨೦೦೬

ವಿಶಾಖಾ ಅವರಿಗೆ, ಶರಣು.

ಕಾರಣ ಸಿಕ್ಕಿತು. ಎಂಬತ್ತು ಎಂದರೆ ‘ಡಿಸ್ಕು ಉತ್ತರ ಕೊಡುತ್ತಿಲ್ಲ’ ಎಂದರ್ಥ. ರವಿವಾರವಿಡೀ ಯಂತ್ರಗಳು ಮಲಗಿರುತ್ತವೆ. ಬೋರ್ಡಿನ ಮೇಲಿನ ಗುಂಡು ಬ್ಯಾಟರಿ ಸೋತು, ತನಗೊಂದು ಡಿಸ್ಕು ಇದೆ ಎಂಬುದನ್ನೇ ಯಂತ್ರ ಮರೆಯುತ್ತದೆ. ಸೋಮವಾರವಿಡೀ ಬೆಚ್ಚಗಾಗಿ ಮಂಗಳವಾರಕ್ಕೆ ನೆನಪು ಬರುತ್ತದೆ. ಇಷ್ಟು ಸರಳ. ಹೊಸ ಬ್ಯಾಟರಿ ಎರಡು ಕಳಿಸಿದ್ದೇನೆ, ಹಾಕಿ ನೋಡಿ.

ಆ ಕಸದ ಮಹಾಶಯ ಮತ್ತೆ ಬರೆದಿದ್ದಾನೆ. ‘ಹಳೆಯ ಯಂತ್ರಗಳ ಪರ ವಾದಿಸುವವರು ಭಾವುಕರು’ ಅಂತೆ. ಅವನ ಮುಖದ ಮೇಲೆ ನಿಮ್ಮ ವರದಿ ಒಗೆಯುವ ದಿನಕ್ಕೆ ಕಾಯುತ್ತಿದ್ದೇನೆ.

ಗುರುಶಾಂತ


ಹುಮನಾಬಾದ
೧೧ ಜುಲೈ ೨೦೦೬

ಗುರುಶಾಂತ ಅವರಿಗೆ, ನಮಸ್ಕಾರ.

ಬ್ಯಾಟರಿ ಹಾಕಿದೆ. ಮೊದಲ ಸೋಮವಾರ ಅದೇ ಕಥೆ, ನಿನ್ನೆಯೂ ಅದೇ ಕಥೆ. ಬುಧವಾರ, ಗುರುವಾರ ಬೇಕೆಂದೇ ಬಂದ್ ಇಟ್ಟು ನೋಡಿದೆ, ಶುಕ್ರವಾರ ಸುಮ್ಮನೆ ಎದ್ದವು. ಹಾಗಾಗಿ ನಿದ್ದೆಯ ಕಾರಣ ಬಿಟ್ಟುಬಿಡಿ.

ಸೋಮವಾರ ಆ ಮೂಲೆ ನಾರುತ್ತದೆ. ಇಲಿಯ ಉಚ್ಚೆ ಇರಬೇಕು ಅಂದುಕೊಂಡು ಮೂಗು ಮುಚ್ಚಿಕೊಂಡು ಒರೆಸುತ್ತೇನೆ. ಆದರೆ ಇಲಿಗೆ ವಾರದ ಲೆಕ್ಕ ಗೊತ್ತಿರುತ್ತದೆಯೇ? ಮಧ್ಯಾಹ್ನದ ಊಟ ಸೇರುವುದಿಲ್ಲ.

ನೀವು ಯಾವಾಗಲಾದರೂ ಸೋಮವಾರ ಬೆಳಿಗ್ಗೆ ಈ ಹಾಲ್‌ಗೆ ಬಂದಿದ್ದೀರಾ? ಸುಮ್ಮನೆ ಕೇಳಿದೆ.

ವಿಶಾಖಾ


ಬಸವಕಲ್ಯಾಣ
೧೭ ಜುಲೈ ೨೦೦೬

ವಿಶಾಖಾ ಅವರಿಗೆ, ಶರಣು.

ಸೋಮವಾರ ನನಗೆ ಸಂತೆಯ ಗಿರಾಕಿ, ಎಲ್ಲಿಂದ ಬರಲಿ? ಬರುವ ಅಗತ್ಯವೂ ಇಲ್ಲ. ಹೊಸ ಪ್ಯಾಕೇಜ್ ಮಾಡಿದ್ದೇನೆ. ಡಿಸ್ಕು ಉತ್ತರ ಕೊಡದಿದ್ದರೆ ಬೂಟ್‌ಲೋಡರ್ ಕಾದು, ಮತ್ತೆ ಕೇಳಿ, ಮತ್ತೆ ಕಾಯುತ್ತದೆ. ನನ್ನ ಅಂಗಡಿಯ ಹಳೆಯ ಡಬ್ಬಿಗಳೆಲ್ಲ ಎದ್ದಿವೆ. ಇಷ್ಟು ಚಂದದ ಕೆಲಸ ನಾನು ಯಾವತ್ತೂ ಮಾಡಿಲ್ಲ, ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ಆ ಮೂಲೆಯ ವಾಸನೆಯ ಬಗ್ಗೆ ಅತ್ತೆಗೆ ಫೋನ್ ಮಾಡಿ ಕೇಳಿದೆ. “ಐದು, ಆರರ ಕಡೆ ಭಾಳ ಹೊಲಸ ಆಗಾಕತ್ತದೋ ತಮ್ಮಾ. ನಾನ ಸೋಮವಾರ ಮುಂಜಾನೆ ಹೋಗಿ ಸ್ವಚ್ಛ ಮಾಡಾಕತ್ತೀನಿ” ಅಂದರು. ಈ ವಯಸ್ಸಿನಲ್ಲಿ ಮಂಡಿ ನೋವು ಇಟ್ಟುಕೊಂಡು ತಾವೇ ಹೋಗುತ್ತಾರೆ. ಅವರಿಗೆ ಆ ಹಾಲ್ ಅಂದರೆ ಜೀವ.

ಬೇಜಾರು ಮಾಡಿಕೊಳ್ಳಬೇಡಿ. ನೀವೂ ಸ್ವಲ್ಪ ಸ್ವಚ್ಛತೆಯ ಕಡೆ ಗಮನ ಕೊಡಿ. ಕಲಿಯಲು ಬರುವವರಿಗೂ ಕೈ ತೊಳೆದುಕೊಂಡು ಕೂಡಲು ಹೇಳಿ.

ಗುರುಶಾಂತ


ಹುಮನಾಬಾದ
೨೫ ಜುಲೈ ೨೦೦೬

ಗುರುಶಾಂತ ಅವರಿಗೆ,

ನಿಮ್ಮ ಪತ್ರದ ಕೊನೆಯ ಸಾಲು ಓದಿದೆ. ಕೈ ತೊಳೆದುಕೊಂಡು ಕೂಡಬೇಕಂತೆ. ಈಗ ಕೇಳಿ.

ರವಿವಾರ ನಿಮ್ಮ ಯಂತ್ರಗಳು ಮಲಗಿರುವುದಿಲ್ಲ. ಪಕ್ಕದ ಹುಡಗಿ ಊರಿನ ನಮ್ಮ ಓಣಿಯಿಂದ ಅಂಬುಬಾಯಿ ಮತ್ತು ಅವಳ ಜೊತೆಯ ಹೆಂಗಸರು ಕಲಿಯಲು ಬರುತ್ತಾರೆ. ವಾರವೆಲ್ಲ ಕೂಲಿ, ರವಿವಾರ ಒಂದೇ ಬಿಡುವು. ಅಂಬುಬಾಯಿ ಪಿಯುಸಿ ಪಾಸಾದವಳು, ಹೋಬಳಿ ಕಚೇರಿಯ ಕನ್ನಡ ಟೈಪಿಂಗ್ ಕೆಲಸಕ್ಕೆ ಪರೀಕ್ಷೆ ಕಟ್ಟಿದ್ದಾಳೆ. ಹಾಲ್‌ನ ಕೀಲಿ ಕೊಟ್ಟವರು ನಿಮ್ಮ ಅತ್ತೆಯೇ. ಜಿಲ್ಲೆಗೆ ಕಳಿಸುವ ವರದಿಗೆ ಈ ಹೆಂಗಸರ ಫೋಟೋ ಬೇಕಿತ್ತು. ಮೂಲೆಯ ಐದು ಮತ್ತು ಆರು ಮಾತ್ರ ಮುಟ್ಟಬೇಕು, ಊರಲ್ಲಿ ಯಾರಿಗೂ ಹೇಳಬಾರದು ಎಂದು ಷರತ್ತು. ನಾನು ಒಪ್ಪಿದೆ. ಈ ಕೀಲಿ ಹೋದರೆ ಅಂಬುಬಾಯಿಗೆ ಮುಟ್ಟಲು ಇನ್ನೊಂದು ಕೀಬೋರ್ಡ್ ಈ ತಾಲೂಕಿನಲ್ಲಿಲ್ಲ. ನೀವು ಸುಂದರಬಾಯಿಯವರ ಸೋದರಳಿಯ, ಅದಕ್ಕೇ ನಿಮಗೂ ಬರೆಯಲಿಲ್ಲ.

ನಿಮ್ಮ ಪತ್ರ ಓದಿದ ಮೇಲೆ ನಿನ್ನೆ ಸೋಮವಾರ ಬೇಗ ಹೋದೆ. ಬಾಗಿಲು ತೆರೆದಿತ್ತು. ಸುಂದರಬಾಯಿಯವರು ಒಂದು ಕೈಯಲ್ಲಿ ಹಿತ್ತಾಳೆ ತಂಬಿಗೆ, ಇನ್ನೊಂದರಲ್ಲಿ ಮಾವಿನ ಎಲೆ ಹಿಡಿದು ಐದನೇ ಯಂತ್ರದ ಮೇಲೆ ಚಿಮುಕಿಸುತ್ತಿದ್ದರು. ಕೀಬೋರ್ಡ್, ಖುರ್ಚಿ, ತೆರೆದ ಹೊಟ್ಟೆ, ಡಿಸ್ಕಿನ ಪಟ್ಟಿ ತಂತಿ, ಒಂದನ್ನೂ ಬಿಡಲಿಲ್ಲ.

“ಏನ್ ಮಾಡಾಕತ್ತೀರಿ ಅಕ್ಕಾರ?” ಎಂದೆ.

“ಗೋಮೂತ್ರ ರೀ ಮೇಡಂ. ನಾಕು ಮನಿತನದ ಮಕ್ಕಳು ಕೂಡೋ ಜಾಗ. ಅವರು ಮುಟ್ಟಿದ ಮ್ಯಾಲ ಹಂಗ ಹ್ಯಾಂಗ ಕೂಡಸಾದು?”

“ನಾನೂ ಅದೇ ಓಣಿಯಾಕಿ ಅಲ್ರೀ. ದಿನಾ ಆರೂ ಮುಟ್ತೀನಿ.”

“ನಿಮ್ಮದು ಬ್ಯಾರೆ ರೀ. ನೀವು ಓದಿದವರು, ಪಗಾರ ತಗೋಳೋರು. ನಿಮಗ ನಾ ಒಂದ ಮಾತರ ಅಂದೀನೇನು?”

ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುಕೂ ಇರಲಿಲ್ಲ. ತುಳಸಿಗೆ ನೀರು ಹಾಕಿದಷ್ಟು ಸಲೀಸಾಗಿ ಆರನೇ ಯಂತ್ರಕ್ಕೂ ಚಿಮುಕಿಸಿ ತಂಬಿಗೆ ತೊಳೆಯಲು ಹೋದರು.

ಥೂ. ನಾನು ಅದನ್ನು ಪ್ರತಿ ಸೋಮವಾರ ನನ್ನ ಸೆರಗಿನಿಂದ ಒರೆಸಿದ್ದೇನೆ. ಇಲಿಯನ್ನು ಬಯ್ಯುತ್ತ ಒರೆಸಿದ್ದೇನೆ. ಆ ಸೆರಗಿನಲ್ಲೇ ಮನೆಗೆ ಹೋಗಿ ಅಡುಗೆ ಮಾಡಿದ್ದೇನೆ. ನಿನ್ನೆ ಹಿತ್ತಲಲ್ಲಿ ಕೂತು ಆ ಸೀರೆಯನ್ನು ಒಗೆದೆ, ಮತ್ತೆ ಒಗೆದೆ, ಕೊನೆಗೆ ಒಲೆಗೆ ಹಾಕಿದೆ.

ನಿಮ್ಮ ಬೂಟ್‌ಲೋಡರ್ ಎಷ್ಟು ಕಾದರೂ ಒದ್ದೆ ತಂತಿ ಉತ್ತರ ಕೊಡುವುದಿಲ್ಲ. ಮಂಗಳವಾರಕ್ಕೆ ಒಣಗುತ್ತದೆ, ಆಗ ಕೊಡುತ್ತದೆ. ತಂತಿಯ ಹಲ್ಲುಗಳಿಗೆ ಈಗ ಹಸಿರು ಕಿಲುಬು ಹಿಡಿದಿದೆ.

ನನ್ನ ವರದಿ ಇದು. ಇಂಗ್ಲಿಷಿಗೆ ತಿರುಗಿಸಿ ನನ್ನ ಹೆಸರಿನಲ್ಲಿ ಕಳಿಸಿ: ‘ಪ್ಯಾಕೇಜ್ ಸರಿಯಿದೆ. ನಾಲ್ಕು ಯಂತ್ರಗಳು ದಿನವೂ ಏಳುತ್ತವೆ. ಐದು ಮತ್ತು ಆರು ಸೋಮವಾರ ಏಳುವುದಿಲ್ಲ. ರವಿವಾರ ಅವನ್ನು ದಲಿತ ಹೆಂಗಸರು ಮುಟ್ಟಿರುತ್ತಾರೆಂದು ಸೋಮವಾರ ಬೆಳಿಗ್ಗೆ ಅವುಗಳ ಮೇಲೆ ಗೋಮೂತ್ರ ಚಿಮುಕಿಸುತ್ತಾರೆ.’

ಒಂದಕ್ಷರವನ್ನೂ ಬದಲಿಸಬೇಡಿ.

ವಿಶಾಖಾ


ಬಸವಕಲ್ಯಾಣ
೯ ಆಗಸ್ಟ್ ೨೦೦೬

ವಿಶಾಖಾ ಅವರಿಗೆ, ಶರಣು.

ಉತ್ತರ ತಡವಾಯಿತು. ನಿಮ್ಮ ಪತ್ರ ಓದಿ ಬಹಳ ನೊಂದುಕೊಂಡೆ. ಅತ್ತೆ ಹಳೆಯ ಕಾಲದವರು. ಶ್ರಾವಣ ನಡೆಯುತ್ತಿದೆ, ಮನೆಯಲ್ಲಿ ಈಗ ಜಗಳ ತೆಗೆಯುವುದು ಬೇಡ. ಮುಗಿಯಲಿ, ನಾನೇ ಬಂದು ಅವರಿಗೆ ತಿಳಿಸಿ ಹೇಳುತ್ತೇನೆ.

ಒಳ್ಳೆಯ ಸುದ್ದಿಯೂ ಇದೆ. ವರದಿ ಹೋಯಿತು, ಪ್ಯಾಕೇಜನ್ನು ಒಪ್ಪಿದರು. ಮುಂದಿನ ಆವೃತ್ತಿಯಲ್ಲೂ ಹಳೆಯ ಯಂತ್ರಗಳು ಉಳಿಯುತ್ತವೆ. ಪರೀಕ್ಷಿಸಿದವರು ಎಂದು ನಿಮ್ಮ ಹೆಸರು ಬಂದಿದೆ. ಆ ಕಸದ ಮಹಾಶಯ ಬಾಯಿ ಮುಚ್ಚಿಕೊಂಡಿದ್ದಾನೆ.

ಒಂದು ಕಡೆ ಮಾತ್ರ ಸಣ್ಣ ತಿದ್ದುಪಡಿ ಮಾಡಿದೆ. ಐದು ಮತ್ತು ಆರರ ಮುಂದೆ ‘ತೇವಾಂಶದಿಂದ ಹಾನಿ’ ಎಂದು ಹಾಕಿದೆ. ಜರ್ಮನಿ, ಬ್ರೆಜಿಲ್‌ನವರಿಗೆ ನಮ್ಮ ಊರ ಮಾತು ಯಾಕೆ? ಶರಣರ ನಾಡಿನವನು ನಾನು ಎಂದು ಅವರ ಮುಂದೆಲ್ಲ ಹೇಳಿಕೊಂಡವನು. ಇಜ್ಜತ್ತಿನ ಪ್ರಶ್ನೆ. ಬರೆದದ್ದು ಸುಳ್ಳಂತೂ ಅಲ್ಲವಲ್ಲ.

ಗುರುಶಾಂತ


ಹುಮನಾಬಾದ
೧೨ ಆಗಸ್ಟ್ ೨೦೦೬

ಗುರುಶಾಂತ ಅವರಿಗೆ,

ತೇವಾಂಶ.

ಕಸ ಅಂದವನ ಮೇಲೆ ನಿಮಗೆ ಹೇಸಿಗೆ ಬಂದಿತ್ತು. ಅವನು ತನಗೆ ಅನ್ನಿಸಿದ್ದನ್ನು ಬಾಯಿಬಿಟ್ಟಾದರೂ ಹೇಳಿದ. ನೀವು ನನ್ನ ಹೆಸರಿನ ಕೆಳಗೆ ನಿಮ್ಮ ಮಾತು ಇಟ್ಟಿರಿ. ಈಗ ನನಗೆ ಆ ತಂಬಿಗೆಗಿಂತ ನಿಮ್ಮ ಆ ಒಂದು ಪದವೇ ಹೆಚ್ಚು ನಾರುತ್ತಿದೆ.

ಯುನೂಸ್ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಳಿಸಿದ್ದೇನೆ. ಆರನೇ ಯಂತ್ರದ ಪಟ್ಟಿ ತಂತಿ. ಸೋಮವಾರದ್ದೇ, ಬಿಗಿಯಾಗಿ ಕಟ್ಟಿಟ್ಟಿದ್ದೆ. ಬಿಚ್ಚಿ ಮೂಸಿ ನೋಡಿ. ಆಮೇಲೂ ತೇವಾಂಶ ಅನ್ನಿಸಿದರೆ ಹಾಗೇ ಇರಲಿ.

ವಿಶಾಖಾ


ಬಸವಕಲ್ಯಾಣ
೨೪ ಆಗಸ್ಟ್ ೨೦೦೬

ವಿಶಾಖಾ ಅವರಿಗೆ,

ಅಂಗಡಿಯಲ್ಲಿ ಬಿಚ್ಚಬೇಕಿತ್ತು, ಮನೆಯಲ್ಲಿ ಬಿಚ್ಚಿದೆ, ಅದೂ ಊಟಕ್ಕೆ ಕೂತಾಗ. ಕಟ್ಟಿದ ಚೀಲದಲ್ಲಿ ಕೊಳೆತು ವಾಸನೆ ಮೂಗಿಗೆ ಹೊಡೆಯಿತು. ಮೂಗು ಮುಚ್ಚಿಕೊಂಡು ಎದ್ದು ನಿಂತೆ. ನಮ್ಮ ತಾಯಿ ಪಾರ್ವತಿಬಾಯಿ ರೊಟ್ಟಿ ತಂದವರು ಏನದು ಎಂದರು. ಹೇಳಿದೆ.

“ಪವಿತ್ರ ವಸ್ತು ಅದು. ಅದಕ್ಯಾಕ ಹೇಸ್ಕೋತಿ?” ಅಂದರು.

“ಪವಿತ್ರ ಇದ್ದರ ನನ್ನ ತಾಟಿನ ಮ್ಯಾಲ ಚಿಮುಕಿಸಲೇನವ್ವಾ?”

“ಹುಚ್ಚ ಆಗೀಯೇನು? ನಿನ್ನ ತಾಟ ಯಾರ್ ಮುಟ್ಯಾರಂತ ಚಿಮುಕಿಸ್ತಿ?”

ತಮಾಷೆಗೆ ಹೇಳಲಿಲ್ಲ ಅವರು. ಹೇಳಿ ರೊಟ್ಟಿ ಬಡಿಸಿದರು. ನಾನು ತಾಟು ಪಕ್ಕಕ್ಕೆ ಸರಿಸಿದೆ. ಇದೇ ಅಡುಗೆ ಮನೆಯಲ್ಲಿ ಬೆಳೆದು ನನಗೆ ಯಾವತ್ತೂ ಇದರ ವಾಸನೆ ಬಂದಿರಲಿಲ್ಲವಲ್ಲ ಎಂದು ನನ್ನ ಮೈ ಮೇಲೇ ಅಸಹ್ಯ ಹುಟ್ಟಿತು.

ಅವತ್ತೇ ನಿಮ್ಮ ವರದಿಯನ್ನು ನೀವು ಬರೆದ ಹಾಗೇ ಕಳಿಸಿದೆ. ಉತ್ತರ ಇಷ್ಟೇ: ‘ವಿವರಕ್ಕೆ ಧನ್ಯವಾದ. ದೋಷ ನಮ್ಮ ಪ್ಯಾಕೇಜಿನದಲ್ಲ. ದೂರನ್ನು ಮುಚ್ಚಲಾಗಿದೆ.’ ಬೇರೆ ಯಾರೂ ಏನೂ ಕೇಳಲಿಲ್ಲ. ಇವರ ಮುಂದೆ ಮರ್ಯಾದೆ ಉಳಿಸಿಕೊಳ್ಳಲು ನಿಮ್ಮ ಮಾತು ಅಳಿಸಿದ್ದೆ.

ನಿನ್ನೆ ಹುಮನಾಬಾದಕ್ಕೆ ಹೋಗಿ ಅತ್ತೆಯ ಜೊತೆ ಮಾತಾಡಿದೆ. ಮಾತು ಜಗಳವಾಯಿತು. “ಮನಿ ಮಾತು ಪರದೇಶಕ್ಕ ಬರದು ಹಾಕಿದ್ಯಲ್ಲೋ” ಎಂದು ಅತ್ತರು. ಕೊನೆಗೆ ಹೇಳಿದ್ದು ಇದು: “ಆ ಎರಡೂ ಆಕಿನೇ ಒಯ್ಯಲಿ. ನಮಗ ಬ್ಯಾಡ. ಆಕಿ ಇನ್ನ ಇಲ್ಲಿ ಬರಾದೂ ಬ್ಯಾಡ.” ನಿಮ್ಮ ಕೆಲಸ ನನ್ನಿಂದ ಹೋಯಿತು. ಹೇಗೆ ಕ್ಷಮೆ ಕೇಳಬೇಕೋ ಗೊತ್ತಾಗುತ್ತಿಲ್ಲ. ಹೊಸ ತಂತಿಗಳನ್ನು ಕಳಿಸಿದ್ದೇನೆ.

ಗುರುಶಾಂತ


ಹುಡಗಿ
೧೨ ಸೆಪ್ಟೆಂಬರ್ ೨೦೦೬

ಗುರುಶಾಂತ ಅವರಿಗೆ, ಜೈ ಭೀಮ್.

ಕೆಲಸ ನಿಮ್ಮಿಂದ ಹೋಗಲಿಲ್ಲ. ತಂಬಿಗೆ ನೋಡಿದ ದಿನವೇ ನನಗೆ ಅಲ್ಲಿ ನಿಲ್ಲುವುದು ಸಾಕಾಗಿತ್ತು. ಅಂಬುಬಾಯಿಯ ಪರೀಕ್ಷೆಗೋಸ್ಕರ ಹಲ್ಲು ಕಚ್ಚಿಕೊಂಡಿದ್ದೆ. ಪಗಾರ ಹೋದದ್ದು ಮಾತ್ರ ನಿಜ, ಮನೆಯಲ್ಲಿ ದಿನವೂ ಕೇಳುತ್ತಾರೆ. ಹೊಲಿಗೆ ಯಂತ್ರ ಹೊರಗೆ ತೆಗೆದಿದ್ದೇನೆ.

ಐದು ಮತ್ತು ಆರನ್ನು ಟೆಂಪೋದಲ್ಲಿ ಹುಡಗಿಗೆ ತಂದೆವು. ಮಂಡಳದಲ್ಲಿ ಅವನ್ನು ಎತ್ತಿಕೊಡಲು ಯಾರೂ ಕೈ ಹಚ್ಚಲಿಲ್ಲ. ನಮ್ಮ ಹೆಂಗಸರೇ ಹೊತ್ತು ತಂದರು. ಓಣಿಯ ಬುದ್ಧ ವಿಹಾರದ ಪಕ್ಕದ ಕೋಣೆಯಲ್ಲಿ ಇಟ್ಟಿದ್ದೇವೆ. ಬೋರ್ಡುಗಳನ್ನು ಸ್ಪಿರಿಟಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆವು. ಬಂದ ಕಿಲುಬು ನೋಡಿ ಅಂಬುಬಾಯಿ ಹೊರಗೆ ಹೋಗಿ ಉಗುಳಿ ಬಂದು, ಮತ್ತೆ ಉಜ್ಜಲು ಕೂತಳು. ನಿಮ್ಮ ಹೊಸ ತಂತಿ ಹಾಕಿದೆವು. ಪ್ಯಾಕೇಜ್ ಅದೇ, ಮುಟ್ಟಲಿಲ್ಲ.

ರವಿವಾರವಿಡೀ ಎಲ್ಲರೂ ಪಾಳಿ ಹಚ್ಚಿ ಟೈಪ್ ಮಾಡಿದರು. ನಿನ್ನೆ ಸೋಮವಾರ. ಅಂಬುಬಾಯಿ ಕೂಲಿಗೆ ಹೋಗುವ ಮೊದಲು ಬಂದು ತಾನೇ ಗುಂಡಿ ಒತ್ತಿದಳು. ಪರದೆ ನೋಡುತ್ತ ನಿಂತು, “ಎದ್ದದ್ರೀ ಮೇಡಂ” ಎಂದಳು. ಆರನೆಯದೂ ಎದ್ದಿತು.

ಮುಚ್ಚಿದ ದೂರಿನ ಕೆಳಗೆ ಇದನ್ನೂ ಬರೆಯಿರಿ. ಯಾರೂ ಓದದಿದ್ದರೂ ಬರೆಯಿರಿ.

ವಿಶಾಖಾ


ಬಸವಕಲ್ಯಾಣ
೨೬ ಸೆಪ್ಟೆಂಬರ್ ೨೦೦೬

ವಿಶಾಖಾ ಅವರಿಗೆ, ಜೈ ಭೀಮ್.

ಬರೆದೆ, ನಿಮ್ಮ ಮಾತುಗಳಲ್ಲೇ.

ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಮಂಡಳದವರು ಹೊಸ ಆವೃತ್ತಿಯ ಸಿಡಿ ತರಿಸಿ, ಉಳಿದ ನಾಲ್ಕು ಯಂತ್ರಗಳಿಗೆ ತಾವೇ ಹಾಕಿಕೊಂಡಿದ್ದಾರೆ. ಕೊನೆಯ ಕಮಾಂಡ್ ಒತ್ತಿಲ್ಲ. ನಾಲ್ಕೂ ಎಲ್ ಐ ತೋರಿಸಿ ನಿಂತಿವೆ. ಫ್ಲಾಪಿಯಿಂದ ಎಬ್ಬಿಸಿ ಆ ಒಂದು ಕಮಾಂಡ್ ಒತ್ತಿದರೆ ಮುಗಿಯುವ ಕೆಲಸ. ಅತ್ತೆ ನನಗೆ ಫೋನ್ ಮಾಡಿದ್ದರು, ಜಗಳವಾದ ಮೇಲೆ ಮೊದಲ ಸಲ. ನಾನು ಬರುವುದಿಲ್ಲ ಎಂದೆ. ಆಗ ಅವರು, “ನೀ ಬ್ಯಾಡ ಬಿಡು. ಆಕಿಗೇ ಬಂದು ನೋಡಾಕ ಹೇಳು. ಆಕಿ ಕೈಗುಣ ಚಲೋ ಅದ” ಅಂದರು.

ಹೇಳಲು ಹೇಳಿದ್ದನ್ನು ಹೇಳಿದ್ದೇನೆ. ಹೋಗಿ ಎಂದು ನಾನು ಹೇಳುತ್ತಿಲ್ಲ.

ಗುರುಶಾಂತ


ಹುಡಗಿ
೩೦ ಸೆಪ್ಟೆಂಬರ್ ೨೦೦೬

ಗುರುಶಾಂತ ಅವರಿಗೆ, ಜೈ ಭೀಮ್.

ನಾನು ಹೋಗುವುದಿಲ್ಲ. ಹೋಗಿ ಬಂದ ಮೇಲೆ ಅವರು ಎಲ್ಲೆಲ್ಲಿ ಚಿಮುಕಿಸುತ್ತಾರೋ ಯಾರಿಗೆ ಗೊತ್ತು.

ನಿಮ್ಮ ಪತ್ರವನ್ನು ಅಂಬುಬಾಯಿಗೆ ಓದಿ ಹೇಳಿದೆ. ಪರೀಕ್ಷೆ ಹತ್ತಿರ ಬಂದಿದೆ, ಐದರ ಮುಂದೆ ಕೂತು ಟೈಪ್ ಮಾಡುತ್ತಿದ್ದಳು. ಕೀಬೋರ್ಡಿನಿಂದ ಕೈ ತೆಗೆಯದೇ ಹೇಳಿದಳು: “ಅಕ್ಕಾರ ಕಡೆ ತಂಬಿಗಿ ಅದ, ಮಾವಿನ ತೊಪ್ಪಲ ಅದ. ಆ ನಾಕರ ಮ್ಯಾಲೂ ಚಿಮುಕಿಸಿ ನೋಡ್ರಿ ಅಂತ ಬರೀರಿ ಮೇಡಂ.”

ಬರೆದಿದ್ದೇನೆ. ನಿಮ್ಮ ಅತ್ತೆಗೆ ತಲುಪಿಸಿ. ಈ ಸಲವೂ ಒಂದಕ್ಷರ ಬದಲಾಗಬಾರದು.

ವಿಶಾಖಾ